ಜೇಬಿಲ್ಲದ ಗೌನು

ಫೆಬ್ರವರಿ 5

ಕೆಲಸಕ್ಕೆ ವಾಪಸಾದೆ. ಯಾರೂ ಏನೂ ಕೇಳಲಿಲ್ಲ. ಕೇಳಬಾರದೆಂದು ಮೊದಲೇ ಮಾತಾಡಿಕೊಂಡಿದ್ದರೆಂದು ಕಾಣುತ್ತದೆ. ಮೇಜಿನ ಧೂಳನ್ನು ಯಾರೋ ಒರೆಸಿದ್ದರು, ಕುರ್ಚಿಗೆ ಹೊಸ ದಿಂಬು ಬಂದಿತ್ತು.

ಬಾಸ್ ಒಳಗೆ ಕರೆದು, "ಹಗುರದ ಕೆಲಸ ಕೊಡ್ತೀನಿ. ಒಂದು ಫ್ಯಾಕ್ಟರಿ, ಒಂದೇ ಮಿಕ್ಸರ್, ಒಂದೇ ಸೆಟ್ ಬೀಗ. ನೀವು ಕಣ್ಣು ಮುಚ್ಕೊಂಡು ಮಾಡೋ ಕೆಲಸ," ಎಂದರು. ಹೂಂ ಅಂದೆ. ಜನ ಒಳಗಿರುವಾಗ ಯಂತ್ರ ತಿರುಗದ ಹಾಗೆ ಬೀಗ ಕೂರಿಸುವುದು ನಮ್ಮ ಕಂಪನಿಯ ಕೆಲಸ.

ಎಡಗೈಯ ಒಳಮೈ, ಕಂಕುಳಿಂದ ಮೊಣಕೈ ತನಕ, ಇನ್ನೂ ಹಾಗೇ ಇದೆ. ಜೋಮು ಹಿಡಿದ ಹಾಗೆ ಎಂದು ಬರೆಯಹೊರಟೆ, ಆದರೆ ಜೋಮು ಚುಚ್ಚುತ್ತದೆ, ಇದು ಚುಚ್ಚುವುದೂ ಇಲ್ಲ. ಸ್ನಾನದ ನೀರು ಬಿಸಿಯೋ ತಣ್ಣಗೋ ಆ ಜಾಗಕ್ಕೆ ಗೊತ್ತಾಗುವುದಿಲ್ಲ. ಆಪರೇಷನ್ನಿನಲ್ಲಿ ಕಂಕುಳಿನ ಗಂಟುಗಳ ಜೊತೆ ಒಂದು ನರವೂ ಹೋಗಿದೆಯಂತೆ. ಸ್ಪರ್ಶ ಮರಳಿದರೂ ಮರಳಬಹುದು, ಇಲ್ಲದಿದ್ದರೂ ಇಲ್ಲ ಎಂದು ಡಾಕ್ಟರು ಹೇಳಿದರು. ಅಂದರೆ ಅಕ್ಕನಿಗೆ ಹೇಳಿದರು, ಅಕ್ಕ ನನಗೆ ಹೇಳಿದಳು.

ಫೆಬ್ರವರಿ 8

ಫ್ಯಾಕ್ಟರಿ ನೋಡಿ ಬಂದೆ. ಚಿಕ್ಕ ಮಕ್ಕಳಿಗೆ ಹಾಲಿನಲ್ಲಿ ಕಲಸಿ ಕುಡಿಸುವ ಪುಡಿ ಮಾಡುತ್ತಾರೆ. ಒಳಗೆ ಕಾಲಿಡುವ ಮೊದಲು ಬಳೆ, ಉಂಗುರ, ವಾಚು, ಹೇರ್‌ಪಿನ್ನು ಎಲ್ಲ ತೆಗೆದಿಡಬೇಕು. ನನ್ನ ಪೆನ್ನನ್ನೂ ಇಸಿದುಕೊಂಡರು. ಕ್ವಾಲಿಟಿ ನೋಡಿಕೊಳ್ಳುವ ಹುಡುಗಿ ನನ್ನ ಟೋಪಿಯನ್ನು ಕಿವಿಯ ತನಕ ಎಳೆದು, "ಒಂದು ಕೂದಲು ಬಿದ್ರೂ ಇಡೀ ಬ್ಯಾಚ್ ಚೆಲ್ತೀವಿ ಮೇಡಂ," ಎಂದಳು. ಔಷಧಿಗೆ ಉದುರಿದ ಮೇಲೆ, ಬೀಳಲು ನನ್ನ ತಲೆಯಲ್ಲಿ ಹೆಚ್ಚೇನೂ ಇಲ್ಲ.

ಮಿಕ್ಸರ್ ಅಂದರೆ ಅಡ್ಡ ಮಲಗಿಸಿದ ದೊಡ್ಡ ಸ್ಟೀಲ್ ತೊಟ್ಟಿ. ಮೇಲೆ ಮುಚ್ಚಿದೆ, ಪಕ್ಕದಲ್ಲಿ ಬಗ್ಗಿ ಹೋಗುವಂಥ ಬಾಗಿಲು. ನಡುವೆ ಒಂದು ದಪ್ಪ ದಂಡ, ಅದರ ಸುತ್ತ ಸುರುಳಿ ಸುತ್ತಿದ ಅಗಲವಾದ ಬ್ಲೇಡು. ಪುಡಿ ಬದಲಾಯಿಸುವಾಗಲೆಲ್ಲ ನಾಲ್ವರು ಹೆಂಗಸರು ಒಳಗೆ ಹೋಗಿ ಬ್ಲೇಡಿನ ಸಂದುಗಳನ್ನು ಕೆರೆದು ಒರೆಸುತ್ತಾರೆ. ಇಷ್ಟು ವರ್ಷ ಬಾಗಿಲಿಗೆ "ಒಳಗೆ ಜನರಿದ್ದಾರೆ" ಎಂಬ ಬೋರ್ಡು ತೂಗುಹಾಕಿಯೇ ನಡೆದಿದೆ.

ಬಾಗಿಲಿನಿಂದ ಟಾರ್ಚ್ ಬಿಟ್ಟು ನೋಡಿದೆ. ಆಚೆ ತುದಿ ಕಾಣುವುದಿಲ್ಲ, ಬ್ಲೇಡು ಅಡ್ಡ ಬರುತ್ತದೆ. ಒಳಗೆ ಹೋಗಲಿಲ್ಲ. ಕೈ ಊರಿ ಹತ್ತಬೇಕು.

ಫೆಬ್ರವರಿ 14

ಬೀಗಗಳು ಕೂತವು. ರಂಧ್ರ ಕೊರೆದು ಬೋಲ್ಟು ಬಿಗಿದದ್ದೆಲ್ಲ ನಮ್ಮ ಫಿಟ್ಟರ್. ನಾನು ಸ್ಟೂಲಿನ ಮೇಲೆ ಕೂತು ಹೇಳಿದೆ.

ಪ್ಯಾನೆಲ್ಲಿನ ಮೇನ್ ಸ್ವಿಚ್ಚಿಗೆ ಒಂದು ದೊಡ್ಡ ಕೀ. ಸ್ವಿಚ್ ಆಫ್ ಮಾಡಿದರೆ ಮಾತ್ರ ಆ ಕೀ ಹೊರಗೆ ಬರುತ್ತದೆ. ಅದನ್ನು ತಂದು ಬಾಗಿಲ ಪಕ್ಕದ ಪೆಟ್ಟಿಗೆಗೆ ಹಾಕಿ ತಿರುಗಿಸಿದರೆ ಪೆಟ್ಟಿಗೆ ದೊಡ್ಡ ಕೀಯನ್ನು ಕಚ್ಚಿ ಹಿಡಿದು ಆರು ಸಣ್ಣ ಕೀಗಳನ್ನು ಬಿಡುತ್ತದೆ. ಒಂದು ಬಾಗಿಲಿಗೆ. ನಾಲ್ಕು ಆ ಹೆಂಗಸರಿಗೆ. ಇನ್ನೊಂದು, ಜೊತೆಗೆ ಬೇರೆ ಯಾರಾದರೂ ಒಳಗೆ ಹೋಗಬೇಕಾದರೆ ಅವರಿಗೆ. ಹೊರಗೆ ಬಂದ ಕೀಗಳು ಒಂದೂ ಬಿಡದೆ ಪೆಟ್ಟಿಗೆಗೆ ಮರಳುವ ತನಕ ದೊಡ್ಡ ಕೀ ಕದಲುವುದಿಲ್ಲ. ದೊಡ್ಡ ಕೀ ಇಲ್ಲದೆ ಮಿಕ್ಸರ್ ತಿರುಗುವುದಿಲ್ಲ. ಕರೆಂಟು, ಕಂಪ್ಯೂಟರು, ಯಾರ ನೆನಪು, ಯಾರ ಒಳ್ಳೆಯತನ, ಯಾವುದನ್ನೂ ನಂಬಬೇಕಾಗಿಲ್ಲ. ಈ ಉದ್ಯೋಗದಲ್ಲಿ ನನಗೆ ಮೊದಲು ಹಿಡಿಸಿದ್ದು ಅದು. ಈಗಲೂ ಹಿಡಿಸುತ್ತದೆಯೇ? ಇರಬೇಕು. ಪಾಠ ಒಪ್ಪಿಸಿದ ಹಾಗೆ ಬರೆದಿದ್ದೇನೆ.

ಫೆಬ್ರವರಿ 15

ಊಟ. ಮಾತ್ರೆ. ನಿದ್ದೆ.

ಫೆಬ್ರವರಿ 19

ಹೆಂಗಸರಿಗೆ ತರಬೇತಿ. ಮುಖ್ಯಸ್ಥೆಯನ್ನು ಎಲ್ಲರೂ ದೊಡ್ಡಕ್ಕ ಅನ್ನುತ್ತಾರೆ, ಮ್ಯಾನೇಜರ್ ಕೂಡ. ಉಳಿದವರನ್ನು ಅವಳೇ ಪರಿಚಯಿಸಿದಳು. "ಇವಳು ಏಣಿ, ಎತ್ತರ ನೋಡಿ, ಮೇಲಿನ ಸಂದೆಲ್ಲ ಇವಳದ್ದು. ಇವಳು ರೇಡಿಯೋ, ಆಫ್ ಬಟನ್ ಇಲ್ಲ. ಇವಳು ಗುಬ್ಬಿ, ಸೇರಿ ಎರಡು ತಿಂಗಳಾಯ್ತು, ಬ್ಲೇಡ್ ಹಿಂದೆ ನುಸುಳೋದು ಇವಳೊಬ್ಬಳೇ."

ಗೋಡೆಗೆ ಚಿತ್ರಗಳನ್ನು ಅಂಟಿಸಿ ವಿವರಿಸಿದೆ. ಒಬ್ಬರಿಗೆ ಒಂದು ಕೀ, ಒಳಗೆ ಹೋಗುವಾಗ ತೆಗೆದುಕೊಳ್ಳಬೇಕು, ಬಂದ ಮೇಲೆ ವಾಪಸು ಹಾಕಬೇಕು.

"ಅಂದ್ರೆ ನನ್ ಕೀ ನನ್ ಹತ್ರ ಇದ್ರೆ ಆಪರೇಟರಣ್ಣ ತಲೆಕೆಳಗಾಗಿ ನಿಂತ್ರೂ ಮಿಕ್ಸರ್ ಓಡಲ್ಲ," ಎಂದಳು ರೇಡಿಯೋ.

"ನಾನ್ಯಾಕಮ್ಮ ತಲೆಕೆಳಗಾಗಲಿ?" ಆಪರೇಟರ್ ಆಚೆಯಿಂದ ಅಂದ.

ಎಲ್ಲರೂ ನಕ್ಕರು. ಪ್ರಶ್ನೆ ಇದೆಯಾ ಎಂದು ಕೇಳಿದೆ. ಇರಲಿಲ್ಲ. ಮಧ್ಯಾಹ್ನ ಅವರು ಒಳಗೆ ಹೋಗುವುದನ್ನು ಸ್ಟೂಲಿನಿಂದ ನೋಡಿದೆ. ನಾಲ್ವರೂ ಸರಿಯಾಗಿ ಒಂದೊಂದು ಕೀ ತೆಗೆದುಕೊಂಡರು. ದೊಡ್ಡಕ್ಕ ಬಗ್ಗಿದಾಗ ಗೌನಿನೊಳಗಿನಿಂದ ಝಣಝಣ ಅಂದಿತು. ಎಲ್ಲರ ಕೀಗಳೂ ಅವಳ ಸೊಂಟದ ಚೀಲದಲ್ಲಿದ್ದವು. ಮನೆಯ ಯಜಮಾನಿಯ ಹಾಗೆ ಕಂಡಳು. ತರಬೇತಿ ಮುಗಿದಿದೆ ಎಂಬ ಕಾಗದಕ್ಕೆ ಅವರ ಸಹಿ ಪಡೆದು ಹೊರಟೆ. ಕೈ ಭಾರವಾಗಿತ್ತು.

ಫೆಬ್ರವರಿ 26

ರಕ್ತ ಪರೀಕ್ಷೆಗೆ ಹೋಗಿದ್ದೆವು. ಡಾಕ್ಟರ ಮುಂದೆ ಅಕ್ಕನೇ ಮಾತಾಡುತ್ತಾಳೆ. "ನಿದ್ದೆ ಬರುತ್ತಾ?" ಎಂದು ಅವರು ನನ್ನನ್ನು ಕೇಳಿದರೆ "ಬರುತ್ತೆ ಡಾಕ್ಟ್ರೇ, ಆದ್ರೆ ಬೆಳಗಿನ ಜಾವ ಎಚ್ಚರ ಆಗುತ್ತೆ," ಎಂದು ಅಕ್ಕ ಉತ್ತರಿಸುತ್ತಾಳೆ. ಸರಿಯಾದ ಉತ್ತರವೇ. ನನಗೇನೂ ಬೇಸರವಿಲ್ಲ. ಫೈಲು ಅವಳ ಹತ್ತಿರ, ಮಾತ್ರೆಯ ಡಬ್ಬ ಅವಳ ಹತ್ತಿರ, ಮುಂದಿನ ತಾರೀಕು ಅವಳ ತಲೆಯಲ್ಲಿ. ಮನೆ, ಭಾವನ ಊಟತಿಂಡಿ, ಎಲ್ಲ ಬಿಟ್ಟು ಬಂದು ಕೂತಿದ್ದಾಳೆ. "ನೀನು ಯೋಚನೆ ಮಾಡ್ಬೇಡ, ನಾನಿದ್ದೀನಲ್ಲ," ಅನ್ನುತ್ತಾಳೆ.

ಯೋಚನೆ ಮಾಡುವುದೇ ಇಲ್ಲ ನಾನು. ಮಾಡಬೇಕೆನಿಸುವುದೂ ಇಲ್ಲ. ಇದು ಶಾಂತಿಯೇ?

ಮಾರ್ಚ್ 4

ಫ್ಯಾಕ್ಟರಿಯಿಂದ ಫೋನು. ಗುಬ್ಬಿ ಒಳಗಿರುವಾಗಲೇ ಮಿಕ್ಸರಿನ ಸ್ವಿಚ್ ಹಾಕಿಬಿಟ್ಟಿದ್ದಾರೆ.

ಏನೂ ಆಗಿಲ್ಲ. ಏನೂ ಆಗಿಲ್ಲ ಎಂದು ಮ್ಯಾನೇಜರ್ ಮತ್ತೆ ಮತ್ತೆ ಹೇಳಿದರು. ತೊಳೆದು ಒರೆಸಿ ಎಲ್ಲರೂ ಹೊರಗೆ ಬಂದಿದ್ದಾರೆ. ಕೆರೆಯುವ ಪಟ್ಟಿಯನ್ನು ಆಚೆ ತುದಿಯಲ್ಲೇ ಬಿಟ್ಟದ್ದು ನೆನಪಾಗಿ ಗುಬ್ಬಿ ಯಾರಿಗೂ ಹೇಳದೆ ಮತ್ತೆ ಒಳಗೆ ನುಸುಳಿದ್ದಾಳೆ. ದೊಡ್ಡಕ್ಕ ಬಾಗಿಲು ಹಾಕಿ, ಬೀಗ ತಿರುಗಿಸಿ, ಬಾಗಿಲಿನ ಕೀ ಜೊತೆಗೆ ಚೀಲದ ನಾಲ್ಕನ್ನೂ ಪೆಟ್ಟಿಗೆಗೆ ಹಾಕಿದ್ದಾಳೆ. ದೊಡ್ಡ ಕೀ ಬಂದಿದೆ. ಆಪರೇಟರ್ ಸ್ವಿಚ್ ಹಾಕಿದ್ದಾನೆ. ಬ್ಲೇಡು ತಿರುಗುವ ಮೊದಲು ಸ್ವಲ್ಪ ಹೊತ್ತು ಸೈರನ್ ಕೂಗುತ್ತದೆ. ಅಷ್ಟರೊಳಗೆ ಗುಬ್ಬಿ ಪಟ್ಟಿಯಿಂದ ಗೋಡೆ ಬಡಿದದ್ದು ಏಣಿಗೆ ಕೇಳಿಸಿದೆ, ಅವಳು ಕೂಗಿ ಸ್ವಿಚ್ ಆಫ್ ಮಾಡಿಸಿದ್ದಾಳೆ.

ಸೈರನ್ ನಾವು ಹಾಕಿದ್ದಲ್ಲ. ಮೊದಲಿಂದ ಇದ್ದದ್ದು.

ಬಾಸ್, "ಕೀ ಎಲ್ಲ ಪೆಟ್ಟಿಗೆಯಲ್ಲಿ ಇತ್ತಾ? ಇತ್ತು ತಾನೆ? ಹಾಗಾದ್ರೆ ನಮ್ಮ ಬೀಗ ಸರಿಯಾಗೇ ಕೆಲಸ ಮಾಡಿದೆ," ಎಂದರು. ನಿಜ. ಸರಿಯಾಗಿಯೇ ಮಾಡಿದೆ. ನಾನೂ ಹಾಗೇ ಅಂದುಕೊಂಡು ಸಂಜೆ ಮನೆಗೆ ಬಂದೆ. ಚಪ್ಪಲಿ ಬಿಡುವಾಗ ಆ ಝಣಝಣ ನೆನಪಾಯಿತು. ಬಾಗಿಲಲ್ಲೇ ನಿಂತಿದ್ದೆನಂತೆ. ಅಕ್ಕ ಬಂದು ತೋಳು ಹಿಡಿದು ಒಳಗೆ ಕರೆದುಕೊಂಡು ಹೋದಳು. ಎಡತೋಳಿನ ಒಳಮೈಯನ್ನು ಹಿಡಿದಿದ್ದಳು. ಹಿಡಿದದ್ದು ಕಣ್ಣಿಗೆ ಕಂಡದ್ದರಿಂದ ಗೊತ್ತಾಯಿತು.

ಮಾರ್ಚ್ 5

ದೊಡ್ಡಕ್ಕ ಕೈ ತೊಳೆಯುವ ತೊಟ್ಟಿಯ ಪಕ್ಕದ ಬೆಂಚಿನಲ್ಲಿ ಕೂತಿದ್ದಳು. ಕೆಲಸ ಕೊಟ್ಟಿರಲಿಲ್ಲ. ಆದರೂ ಗೌನು ತೊಟ್ಟೇ ಇದ್ದಳು.

"ಕೀ ಎಣಿಸಿದೆ ಮೇಡಂ. ನಾಲ್ಕಿತ್ತು. ಜನಾನ ಎಣಿಸಲಿಲ್ಲ," ಎಂದಳು. ನಾನು ಕೇಳದೇ ಹೇಳಿದಳು. ಬೆಳಗಿನಿಂದ ಎಲ್ಲರಿಗೂ ಅದನ್ನೇ ಹೇಳುತ್ತಿದ್ದಳೆಂದು ಕಾಣುತ್ತದೆ.

"ಅವರ ಕೀ ನೀವ್ಯಾಕೆ ಇಟ್ಕೊಂಡ್ರಿ?"

"ಎಲ್ಲಿ ಇಟ್ಕೊಳ್ಳಲಿ ಅವರು?" ತನ್ನ ಗೌನನ್ನು ಮೇಲಿಂದ ಕೆಳಗೆ ಸವರಿ ತೋರಿಸಿದಳು. ಒಂದೂ ಜೇಬಿಲ್ಲ. ಜೇಬಿದ್ದರೆ ಅದರಿಂದ ಏನಾದರೂ ಪುಡಿಗೆ ಬೀಳುತ್ತದೆಂದು ಇಲ್ಲಿ ಯಾರ ಬಟ್ಟೆಗೂ ಜೇಬು ಹೊಲಿಸುವುದಿಲ್ಲ. "ಬೀಗ ಕೂತ ಮರುದಿನ, ನಿಮ್ಮ ತರಬೇತಿಗೂ ಮುಂಚೆ, ಕೈಯಲ್ಲಿ ಹಿಡ್ಕೊಂಡ್ರು. ಕೆರೆಯೋಕೆ ಆಗ್ಲಿಲ್ಲ. ಗುಬ್ಬಿ ಬಾಯಲ್ಲಿ ಕಚ್ಕೊಂಡಳು. ರೇಡಿಯೋ ಟೋಪಿ ಒಳಗೆ ಸಿಗಿಸಿದಳು, ಬಿತ್ತು, ಹುಡುಕೋದೇ ಒಂದು ಕೆಲಸ ಆಯ್ತು. ಕ್ವಾಲಿಟಿಯವಳು ಬೈದಳು. ಆಮೇಲೆ ನಾನೇ ಅಂದೆ, ಕೊಡ್ರೇ ಇಲ್ಲಿ, ಗೌನಿನೊಳಗೆ ಚೀಲ ಕಟ್ಕೊಳ್ಳೋಕೆ ನನಗೊಬ್ಬಳಿಗೇ ಬಿಟ್ಟಿರೋದು, ಅದರಲ್ಲಿರುತ್ತೆ ಅಂತ. ನಾನೇನು ಅವರನ್ನ ಬಿಟ್ಟು ಹೋಗೋಳಾ?"

"ಇಲ್ಲ."

"ಗುಬ್ಬಿ ನಿನ್ನೆಯಿಂದ ನನ್ನ ಮುಖ ನೋಡ್ತಿಲ್ಲ."

ಚಿತ್ರ ಅಂಟಿಸಿದ್ದು ನಾನು. ಒಬ್ಬರಿಗೆ ಒಂದು ಕೀ ಎಂದದ್ದು ನಾನು. ಎಲ್ಲಿಡುತ್ತೀರಿ ಎಂದು ಕೇಳುವುದು ತಲೆಗೆ ಹೊಳೆದಿರಲಿಲ್ಲ. ನಾನು ಕೆಲಸಕ್ಕೆ ತೊಡುವ ಕೋಟಿನಲ್ಲಿ ಐದು ಜೇಬುಗಳಿವೆ.

ಮ್ಯಾನೇಜರ್ ತಮ್ಮ ಕೋಣೆಯಲ್ಲಿ ಮೆತ್ತಗೆ ಹೇಳಿದರು: "ದೊಡ್ಡಕ್ಕ ಒಳ್ಳೆಯವಳೇ ಮೇಡಂ. ಆದ್ರೆ ತಪ್ಪು ಅವಳದ್ದು. ಅವಳನ್ನ ತೆಗೆದು ಬೇರೆಯವರನ್ನ ಹಾಕ್ತೀವಿ, ನೀವು ಸಹಿ ಹಾಕ್ಬಿಡಿ, ನಾಳೆಯಿಂದ ಮಿಕ್ಸರ್ ಓಡಲಿ." ಸಹಿ ಅಂದರೆ ಬೀಗಗಳು ಬಳಕೆಗೆ ಸಿದ್ಧ ಎಂಬ ಪತ್ರ. ನಿನ್ನೆ ಹೀಗಾದ ಮೇಲೆ ಅದಿಲ್ಲದೆ ಮಿಕ್ಸರ್ ಓಡಿಸುವ ಹಾಗಿಲ್ಲ.

ಪೆನ್ನನ್ನು ಗೇಟಿನಲ್ಲಿ ಇಸಿದುಕೊಂಡಿದ್ದಾರೆ ಎಂದೆ. ಅವರು ತಮ್ಮ ಪೆನ್ನು ಕೊಟ್ಟರು. ಹಿಡಿದುಕೊಂಡು ಕೂತೆ. ನಾಳೆ ಹಾಕುತ್ತೇನೆ ಎಂದು ಎದ್ದು ಬಂದೆ.

ಮಾರ್ಚ್ 6

ಬಾಸ್ ಕೂಗಾಡಲಿಲ್ಲ. ಅದು ಇನ್ನೂ ಕಷ್ಟ. "ನಿಮ್ಮ ಆರೋಗ್ಯ ನೋಡ್ಕೊಳ್ಳಿ. ಬೇರೆಯವರನ್ನ ಕಳಿಸಿ ಸಹಿ ಹಾಕಿಸ್ತೀನಿ. ನೀವು ಹೂಂ ಅನ್ನಿ ಸಾಕು," ಎಂದರು.

ಯಾಕೋ ಅನ್ನಲಿಲ್ಲ.

"ದೊಡ್ಡಕ್ಕನ್ನ ತೆಗೆದ್ರೆ ಅವಳ ಜಾಗಕ್ಕೆ ಬರೋಳು ಏನ್ ಮಾಡ್ತಾಳೆ ಸರ್? ಗೌನು ಅದೇ. ಇವರ ಕೀ ಅವಳ ಚೀಲಕ್ಕೆ ಹೋಗುತ್ತೆ. ಮುಂದಿನ ಸಲ ಬಡಿದದ್ದು ಯಾರಿಗೂ ಕೇಳಿಸಲ್ಲ."

"ಅದು ಅವರ ಫ್ಯಾಕ್ಟರಿ ವಿಷಯ."

"ಬೀಗ ನಮ್ಮದು."

ಬಾಸ್ ನನ್ನನ್ನೇ ನೋಡಿದರು. ನಾನು ದನಿಯೇರಿಸಿದೆನೇ? ನೆನಪಿಲ್ಲ. ಆಚೆ ಮೇಜಿನವರು ಟೈಪು ಮಾಡುವುದನ್ನು ನಿಲ್ಲಿಸಿದ್ದರು. ಕೊನೆಗೆ ಬಾಸ್ ಮ್ಯಾನೇಜರಿಗೆ ಫೋನು ಮಾಡಿದರು. ಗೌನುಗಳಿಗೆ ಜೇಬು ಹೊಲಿಸಿ, ಸೋಮವಾರ ಅವರೆದುರೇ ಪರೀಕ್ಷೆ. ಪಾಸಾದರೆ ಸಹಿಯೂ ಆಗುತ್ತದೆ, ದೊಡ್ಡಕ್ಕನೂ ಇರುತ್ತಾಳೆ. ಆಗದಿದ್ದರೆ ಅವಳು ಮನೆಗೆ, ಮಿಕ್ಸರಿಗೆ ಬೇರೆ ಕಂಪನಿಯ ಬೀಗ. ನಾನು ಎಲ್ಲಿಗೆ ಎಂದು ಬಾಸ್ ಹೇಳಲಿಲ್ಲ.

ರಾತ್ರಿ ಊಟಕ್ಕೆ ಉಪ್ಪು ಕಡಿಮೆ ಎಂದೆ. ಅಕ್ಕ ಸೌಟು ಹಿಡಿದು ನಿಂತೇ ಇದ್ದಳು. "ತಿಂಗಳಿಂದ ಇಷ್ಟೇ ಹಾಕ್ತಿದೀನಿ," ಎಂದಳು.

ಮಾರ್ಚ್ 7

ಕ್ವಾಲಿಟಿ ಹುಡುಗಿಯೊಡನೆ ಅರ್ಧ ದಿನ ಜಗಳ. ಜಗಳವೆಂದೇ ಬರೆಯಬೇಕು. ಜೇಬು ಅಂದ ಕೂಡಲೇ ಅವಳು ಕಿವಿ ಮುಚ್ಚಿಕೊಂಡಳು. ಸೊಂಟದಿಂದ ಕೆಳಗೆ, ತೊಡೆಯ ಪಕ್ಕದಲ್ಲಿ, ಒಳಗಡೆಗೆ, ಮೇಲೆ ಮುಚ್ಚಳ, ಮುಚ್ಚಳಕ್ಕೆ ಕಚ್ಚುವ ವೆಲ್ಕ್ರೋ ಪಟ್ಟಿ, ಎಂದು ಬಿಡಿಸಿ ತೋರಿಸಿದೆ. ದಾರ ಬಿಚ್ಚಿ ಪುಡಿಗೆ ಬಿದ್ದರೆ? ಎರಡು ಹೊಲಿಗೆ. ಕೀ ಬಿದ್ದರೆ? ಬಿದ್ದರೆ ಆ ಕೀ ಸಿಗುವ ತನಕ ಮಿಕ್ಸರ್ ತಿರುಗುವುದಿಲ್ಲ, ಅದಕ್ಕೇ ಅಲ್ಲವೇ ಈ ಬೀಗ.

ಅವಳು ನನ್ನ ಚಿತ್ರವನ್ನು ತನ್ನ ಕಡೆ ಎಳೆದುಕೊಂಡು, "ದೊಡ್ಡಕ್ಕನಿಗೋಸ್ಕರ ಒಪ್ತಾ ಇದೀನಿ. ನಿಮಗಲ್ಲ," ಎಂದಳು.

ನಾಲ್ವರದ್ದೂ, ಜೊತೆಗೆ ಹೋಗುವವರಿಗೊಂದೂ ಸೇರಿ ಐದು ಗೌನುಗಳನ್ನು ಮನೆಗೆ ತಂದೆ. ಅಕ್ಕ ಹಳೇ ಹೊಲಿಗೆ ಮಷೀನನ್ನು ಊಟದ ಮೇಜಿನ ಮೇಲೆ ಹತ್ತಿಸಿದಳು.

"ಇಂಜಿನಿಯರ್ ಆಗಿ ಇಷ್ಟು ವರ್ಷ ಆದ್ಮೇಲೆ ಟೈಲರಿಂಗಿಗೆ ಇಳಿದ್ಯಾ?"

"ಎರಡು ಹೊಲಿಗೆ ಹಾಕು ಅಕ್ಕ."

"ನನಗೇ ಹೇಳ್ಕೊಡ್ತಾಳೆ. ಶಾಲೇಲಿ ನಿನ್ನ ಹೊಲಿಗೆ ಕ್ಲಾಸಿನ ಕರವಸ್ತ್ರ ಹೊಲಿದು ಕೊಟ್ಟಿದ್ದು ಯಾರು?"

"ನೀನೇ. ಟೀಚರಿಗೆ ಗೊತ್ತಾಗಿ ಬೆಂಚಿನ ಮೇಲೆ ನಿಂತಿದ್ದು ನಾನು."

ಅವಳು ನಕ್ಕಳು. ಮಷೀನು ಓಡುತ್ತಿರುವಾಗಲೇ, ಫೈಲು ಕೊಡು ಎಂದೆ. ಯಾವ ಫೈಲು ಎಂದಳು, ಗೊತ್ತಿದ್ದೂ. ಅದರಲ್ಲೇನಿದೆ ನೋಡೋಕೆ, ನಾನು ಹೇಳಿದ್ದೇ ಇರೋದು ಎಂದಳು. ಮಷೀನು ನಿಲ್ಲಿಸಿ, ಒಳಗಿಂದ ತಂದು, ಮೇಜಿನ ಮೇಲಿಟ್ಟು, ಮತ್ತೆ ಹೊಲಿಯತೊಡಗಿದಳು. ನನ್ನ ಕಡೆ ನೋಡಲಿಲ್ಲ. ನನಗೆ ಕೆಟ್ಟದೆನಿಸಿತು.

ಅವಳು ಹೇಳಿದ್ದಕ್ಕಿಂತ ಬೇರೇನೂ ಅದರಲ್ಲಿ ಇರಲಿಲ್ಲ. ಮೊದಲಿನಿಂದ ಕೊನೆಯವರೆಗೆ ಓದಿದೆ.

ಮಾರ್ಚ್ 9

ದೊಡ್ಡಕ್ಕನಿಗೆ ಗೌನು ತೋರಿಸಲು ಹೋದೆ. ಖುಷಿಪಡುತ್ತಾಳೆಂದುಕೊಂಡಿದ್ದೆ. ಜೇಬಿನೊಳಗೆ ಕೈ ಹಾಕಿ ನೋಡಿ ಮಡಚಿ ಬದಿಗಿಟ್ಟಳು.

"ಎಲ್ಲರೂ ಅವರವರ ಕೀ ಇಟ್ಕೊಂಡ್ರೆ ನಾನ್ಯಾಕೆ ಮೇಡಂ? ಇವರನ್ನ ಒಳಗೆ ಕರ್ಕೊಂಡು ಹೋಗಿ ಹೊರಗೆ ಕರ್ಕೊಂಡು ಬರೋಳು ನಾನು. ಈಗ ನನ್ನನ್ನೇ ನಂಬಬೇಡಿ ಅಂತ ಬಟ್ಟೆ ಮೇಲೆ ಹೊಲಿಸ್ಕೊಂಡು ಬಂದಿದೀರಿ."

ಇದಕ್ಕೆ ಉತ್ತರವಿದೆ. ನಂಬಿಕೆಯ ಪ್ರಶ್ನೆ ಅಲ್ಲ, ಒಳಗಿರುವವಳ ಕೀ ಒಳಗಿರುವವಳ ಮೈಮೇಲೇ ಇರಬೇಕು, ಎಷ್ಟೇ ಅಕ್ಕರೆಯವರಾದರೂ ಬೇರೆಯವರ ಹತ್ತಿರ ಇರಬಾರದು. ಹೇಳಿದೆ. ಹೇಳುವಾಗ ನನ್ನ ದನಿ ನನಗೇ ವಿಚಿತ್ರವಾಗಿ ಕೇಳಿತು.

ಗುಬ್ಬಿ ಬಾಗಿಲ ಹತ್ತಿರ ನಿಂತಿದ್ದಳು. "ನಾನು ಇನ್ನು ಒಳಗೆ ಹೋಗಲ್ಲ. ಜೇಬಿದ್ರೂ ಅಷ್ಟೇ," ಎಂದಳು.

"ಕೀ ನಿನ್ನ ಹತ್ರ ಇದ್ರೆ ಅದು ತಿರುಗೋದೇ ಇಲ್ಲ."

"ಮೊದಲೂ ಹಾಗೇ ಹೇಳಿದ್ರಿ."

ದೊಡ್ಡಕ್ಕ ಅವಳನ್ನೂ ನನ್ನನ್ನೂ ನೋಡಿದಳು. "ಮೇಡಂ, ನೀವು ಯಾವತ್ತಾದ್ರೂ ಅದರ ಒಳಗೆ ಹೋಗಿದೀರಾ?"

ಮಾರ್ಚ್ 11

ದೊಡ್ಡಕ್ಕ ಕೆಲಸದಲ್ಲೇ ಇರುತ್ತಾಳೆ. ಮ್ಯಾನೇಜರ್ ಎಲ್ಲರೆದುರು ಹೇಳಿದರು. ಸಹಿ ಹಾಕಿದೆ. ಮೊದಲು ಅದನ್ನು ಬರೆದುಬಿಟ್ಟಿದ್ದೇನೆ, ಉಳಿದದ್ದನ್ನು ಹೇಗೆ ಬರೆಯಬೇಕೋ ತಿಳಿಯುತ್ತಿಲ್ಲ.

ಪರೀಕ್ಷೆ ಹೇಗೆ ನಡೆಯಬೇಕೆಂದು ದೊಡ್ಡಕ್ಕನೇ ಹೇಳಿದಳು. "ಗುಬ್ಬಿ ಅವತ್ತು ಹೇಗಿದ್ದಳೋ ಹಾಗೇ ನಾವೆಲ್ಲ ಒಳಗೆ ಇರ್ತೀವಿ. ಬಾಗಿಲು ಹಾಕಿ, ಬೀಗ ಹಾಕಿ, ಬಾಗಿಲಿನ ಕೀ ಪೆಟ್ಟಿಗೆಗೆ ಹಾಕಿ. ಆಮೇಲೆ ಅಣ್ಣ ದೊಡ್ಡ ಕೀ ತೆಗೆಯೋಕೆ ಏನು ಬೇಕಾದ್ರೂ ಮಾಡಲಿ." ನಮ್ಮ ನಿಯಮದಲ್ಲಿ ಹಾಗಿಲ್ಲ ಎಂದೆ. "ಗುಬ್ಬಿಗೆ ನಿಮ್ಮ ನಿಯಮ ಬೇಡ. ಕಣ್ಣಾರೆ ನೋಡ್ಬೇಕು," ಎಂದಳು. ಗುಬ್ಬಿಯ ಮುಖ ನೋಡಿದೆ. ಫಿಟ್ಟರನ್ನು ಮೇನ್ ಸ್ವಿಚ್ಚಿನ ಮುಂದೆ ನಿಲ್ಲಿಸಿ, ಐದನೆಯ ಗೌನು ತೊಟ್ಟುಕೊಂಡೆ.

ಒಬ್ಬೊಬ್ಬರೇ ಕೀ ತೆಗೆದುಕೊಂಡು ಜೇಬಿಗೆ ಹಾಕಿ ಮುಚ್ಚಳ ಒತ್ತಿದೆವು. ಗುಬ್ಬಿ ಕೊನೆಗೆ. ಪೆಟ್ಟಿಗೆಯ ಮುಂದೆ ಬಹಳ ಹೊತ್ತು ನಿಂತಳು. ಯಾರೂ ಬಾ ಎನ್ನಲಿಲ್ಲ. ತೆಗೆದುಕೊಂಡಳು.

ಬಲಗೈ ಊರಿ ಹತ್ತಿದೆ. ಏಣಿ ಹಿಂದಿನಿಂದ ಎತ್ತಿದಳು. ಒಳಗೆ ಸಿಹಿ ಪುಡಿಯ ವಾಸನೆ, ತೊಳೆದ ಸ್ಟೀಲಿನ ತಂಪು. ಬ್ಲೇಡಿನ ಅಂಚು ಭುಜಕ್ಕೆ ತಾಗುವಷ್ಟು ಹತ್ತಿರ. ಆಚೆ ತುದಿಗೆ ಗುಬ್ಬಿಯ ಪಕ್ಕ ಕೂತೆ. ಬಾಗಿಲು ಮುಚ್ಚಿತು. ಕತ್ತಲೆ ಅಂದರೆ ಕಣ್ಣು ತೆರೆದಿದೆಯೋ ಮುಚ್ಚಿದೆಯೋ ತಿಳಿಯದಷ್ಟು.

ಹೊರಗೆ ಆಪರೇಟರ್ ದೊಡ್ಡ ಕೀ ತಿರುಗಿಸಲು ನೋಡುವುದು ಕೇಳಿಸಿತು. ಟಕ್. ಟಕ್. ಆಮೇಲೆ ಜೋರಾಗಿ. ಮ್ಯಾನೇಜರಿನ ದನಿ. ಬಹುಶಃ ಅವರೂ ತಿರುಗಿಸಿ ನೋಡಿದರು. ಆ ಪೆಟ್ಟಿಗೆಯನ್ನು ಬಿಚ್ಚಿ ಜೋಡಿಸಬಲ್ಲೆ ನಾನು. ಯಾವ ಹಲ್ಲು ಯಾವುದನ್ನು ಹಿಡಿಯುತ್ತದೆಂದು ಬಲ್ಲೆ. ಆದರೂ ಪ್ರತಿ ಸದ್ದಿಗೂ ತೆಗೆಯಿರಿ ಎಂದು ಕೂಗಬೇಕೆನಿಸಿತು. ನನಗೆ ಅಷ್ಟು ಭಯವಾಗಬಹುದೆಂದು ಗೊತ್ತಿರಲಿಲ್ಲ. ಬಹಳ ದಿನದಿಂದ ಆಗಿರಲಿಲ್ಲ, ಆಪರೇಷನ್ನಿನ ದಿನವೂ ಸಹ.

ಸದ್ದು ನಿಂತಿತು. ಕೀ ತಿರುಗಲಿಲ್ಲ.

ದೊಡ್ಡಕ್ಕನ ಚೀಲದಲ್ಲಿ ಎಣಿಸಲು ಏನೂ ಇರಲಿಲ್ಲವಲ್ಲ. ಕತ್ತಲಲ್ಲಿ ಅವಳು ಕರೆಯತೊಡಗಿದಳು.

"ಏಣಿ?"

"ಓ."

"ರೇಡಿಯೋ?"

"ಇಲ್ಲೇ ಇದೀನಕ್ಕ, ಇನ್ನೆಲ್ಲಿಗೆ ಹೋಗ್ಲಿ, ಬಾಗಿಲು ಬೇರೆ ಹಾಕಿದಾರೆ, ನನ್ನ ಕಾಲು ಯಾರೋ ತುಳೀತಿದಾರೆ..."

"ಸಾಕು. ಗುಬ್ಬಿ?"

ದೊಡ್ಡಕ್ಕ ಇನ್ನೊಮ್ಮೆ ಕರೆದಳು.

"ಗುಬ್ಬೀ. ನೀನು ಹೇಳೋ ತನಕ ನಾನು ಬಾಗಿಲು ಬಡಿಯಲ್ಲ."

"ಹಾಂ," ಎಂದಳು ಗುಬ್ಬಿ ನನ್ನ ಪಕ್ಕದಲ್ಲಿ. ಆಮೇಲೆ, "ಇದೀನಿ ಅಕ್ಕ."

ಮುಗಿಯಿತು ಅಂದುಕೊಂಡೆ.

"ಮೇಡಂ?"

ನನ್ನನ್ನೂ ಕರೆಯುತ್ತಾಳೆಂದು ಎಣಿಸಿರಲಿಲ್ಲ.

"ಮೇಡಂ, ಕೇಳಿಸ್ತಾ?"

"ಇದೀನಿ."

"ಜೋರಾಗಿ ಹೇಳಿ. ಈ ಕಬ್ಬಿಣದೊಳಗೆ ಮೆಲ್ಲಗೆ ಹೇಳಿದ್ದು ಲೆಕ್ಕಕ್ಕೆ ಬರಲ್ಲ."

"ಇದೀನಿ," ಎಂದೆ. ತೊಟ್ಟಿಯ ಉದ್ದಕ್ಕೂ ಕೇಳಿಸುವ ಹಾಗೆ ಹೇಳಿದೆ.

"ಸರಿ. ನಾನೂ ಸೇರಿ ಐದು ಜನ," ಎಂದು ದೊಡ್ಡಕ್ಕ ಬಾಗಿಲು ಬಡಿದಳು.